ಮಾಡದಕೆರೆ ಹೊಲದಲ್ಲಿ ನಮ್ಮ ರಜೆಯನ್ನು ತಿಂದ ಟಗರಿಗೆ

ಹೊಳಲ್ಕೆರೆ
ಜೂನ್ ೧೯೭೪

ಮಾನ್ಯ ಟಗರು ಮಹಾಶಯರೇ,

ಕರಿಸಿದ್ದಪ್ಪನವರ ಕುರಿಮಂದೆಯ ಮುಂದಾಳುಗಳೂ, ಸುತ್ತುಗೊಂಬುಗಳಿಂದ ಶೋಭಿತರೂ, ಹೊಸದುರ್ಗದಿಂದ ಹಿರಿಯೂರಿನವರೆಗಿನ ಬಯಲನ್ನೆಲ್ಲ ಯಾರ ಅಪ್ಪಣೆಯೂ ಇಲ್ಲದೆ ದಾಟಬಲ್ಲವರೂ ಆದ ತಮಗೆ, ಹೊಳಲ್ಕೆರೆಯ ಕಚೇರಿಯೊಂದರ ಗುಮಾಸ್ತನಾದ ನಾನು ವಿನಯದಿಂದ ನಮಸ್ಕರಿಸುತ್ತೇನೆ. ತಮ್ಮ ಉಣ್ಣೆ, ಗೊರಸು ಮತ್ತು ಹಸಿವು ಕ್ಷೇಮವೆಂದು ನಂಬಿದ್ದೇನೆ. ಕಳೆದ ತಿಂಗಳು ಮಾಡದಕೆರೆಯ ಹತ್ತಿರದ ಹೊಲದಲ್ಲಿ ನನ್ನ ಕುಟುಂಬದ ಬೇಸಿಗೆ ರಜೆಯ ಮೇಲೆ ತಾವು ನಡೆಸಿದ ದಾಳಿಯ ಬಗ್ಗೆ ದೂರು ಸಲ್ಲಿಸುವುದು ಈ ಪತ್ರದ ಉದ್ದೇಶ. ತಮಗೆ ಓದಲು ಬರುವುದಿಲ್ಲವೆಂದು ಬಲ್ಲೆ. ಆದರೆ ನಾನು ಈ ಹಿಂದೆ ಬರೆದ ದೂರುಗಳನ್ನು ಓದುಬರಹ ಬಲ್ಲ ಅಧಿಕಾರಿಗಳೂ ಓದಿಲ್ಲವಾದ್ದರಿಂದ, ಅದೊಂದು ಅಡ್ಡಿಯೆಂದು ನಾನು ಭಾವಿಸಿಲ್ಲ.

ಮೊದಲು ಆ ರಜೆಯ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಮಡದಿ ಚಂದ್ರಕ್ಕ ಮದುವೆಯಾದಂದಿನಿಂದ ಪ್ರತಿ ಬೇಸಿಗೆಯಲ್ಲೂ ನಮ್ಮ ಮನೆಯ ಒಲೆಯನ್ನು ಬಿಟ್ಟು ನೆಂಟರ ಮನೆಯ ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ನಾವೆಲ್ಲ ಅದನ್ನು ರಜೆ ಎಂದು ಕರೆಯುತ್ತಿದ್ದೆವು. ಈ ಸಲ ಆಕೆ, "ನಂಗೆ ಯಾವ ಊರೂ ಬ್ಯಾಡ. ಒಂದು ಹೊತ್ತು ಯಾರಾನ ಮಾಡಿ ಇಕ್ಕಿದ್ದನ್ನ ಕುಂತ್ಕಂಡು ಉಣಬೇಕು. ನಂದು ಅಷ್ಟೇ ರಜಾ" ಎಂದಳು. ನಾನು ಹಾಗೇ ಆಗಲೆಂದು ಮಾತು ಕೊಟ್ಟೆ.

ನಾನು ಅನುವಾದಿತ ಕಾದಂಬರಿಗಳನ್ನು ತಪ್ಪದೆ ಓದುವವನು. ಅವುಗಳಲ್ಲಿ ಕೈಯಲ್ಲಿ ಕಾಸಿಲ್ಲದ ಕುಟುಂಬಗಳೂ ಬೇಸಿಗೆ ಬಂತೆಂದರೆ ನದಿಯ ದಂಡೆಗೆ ಹೋಗಿ, ಹುಲ್ಲಿನ ಮೇಲೆ ಬಟ್ಟೆ ಹಾಸಿ, ಬುಟ್ಟಿಯ ಮುಚ್ಚಳ ತೆಗೆದು ತಿನ್ನುತ್ತ, ಹೊತ್ತು ಮುಳುಗುವವರೆಗೆ ಆತ್ಮದ ಬಗ್ಗೆ ಮಾತಾಡುತ್ತಾರೆ. ಇಷ್ಟು ಅಗ್ಗದ ರಜೆ ನಮ್ಮ ಜಿಲ್ಲೆಯಲ್ಲಿ ಏಕೆ ಸಾಧ್ಯವಿಲ್ಲ ಎಂದು ನನಗೆ ತೋರಿತು. ಆ ಬುಟ್ಟಿಯನ್ನು ತುಂಬಿದವರು ಯಾರೆಂದು ಯಾವ ಕಾದಂಬರಿಯಲ್ಲೂ ಬರೆದಿರಲಿಲ್ಲವಾದ್ದರಿಂದ ಆ ಪ್ರಶ್ನೆ ನನಗೂ ಹೊಳೆಯಲಿಲ್ಲ. ದುರ್ಗದ ಕೋಟೆಯಲ್ಲಿ ಬುಟ್ಟಿ ತೆರೆದರೆ ಕೋತಿಗಳು ಆತ್ಮದ ಮಾತಿಗೆ ಬಿಡುವು ಕೊಡುವುದಿಲ್ಲ; ಮಾರಿಕಣಿವೆಯ ಅಣೆಕಟ್ಟಿನ ಬಳಿ ಉಳಿಯೋಣವೆಂದರೆ ಬಂಗಲೆಯ ಕೋಣೆಗೆ ದೊಡ್ಡವರ ಶಿಫಾರಸು ಬೇಕು, ನನಗೆ ಗೊತ್ತಿರುವ ದೊಡ್ಡವರೆಲ್ಲ ಅದೇ ಕೋಣೆಗಾಗಿ ಇನ್ನೂ ದೊಡ್ಡವರನ್ನು ಹುಡುಕುತ್ತಿದ್ದರು. ಆಗ ನನ್ನ ಸಹೋದ್ಯೋಗಿ ಜಂಪಣ್ಣನವರು, "ಮಾಡದಕೆರೆ ತಾವ ನಮ್ಮ ಹೊಲ ಖಾಲಿ ಬಿದ್ದೈತೆ, ಬೇವಿನ ಮರ ಅವೆ, ಬಾವಿ ಐತೆ, ಆರಾಮಾಗಿ ಇದ್ದು ಬರ್ರಿ. ನಿಮ್ಮ ಹತ್ರ ಬಾಡಿಗೆ ಇಸ್ಕಂತೀನಾ?" ಎಂದರು. ಇಂಥ ಸ್ನೇಹಿತರು ಸಿಗುವುದು ಪೂರ್ವಪುಣ್ಯದಿಂದ ಎಂದುಕೊಂಡೆ. ಯಾರ ಪುಣ್ಯ ಎಂಬುದು ಸಂಜೆ ತಿಳಿಯಿತು.

ನಾನು, ಚಂದ್ರಕ್ಕ, ಮಕ್ಕಳು ಬಸ್ಸಿಳಿದು ಹೊಲಕ್ಕೆ ಹೋದೆವು. ಹುಲ್ಲಿರಲಿಲ್ಲ, ಕೊಯ್ದ ಪೈರಿನ ಮೊನಚು ಕೂಳೆ ಇತ್ತು. ಕೂಳೆಯ ಮೇಲೆ ಹಾಸಿದ ಜಮಖಾನದ ಮೇಲೆ ಕುಳಿತವರು ಆತ್ಮಕ್ಕಿಂತ ಮೊದಲು ದೇಹದ ಬಗ್ಗೆಯೇ ಮಾತಾಡಬೇಕಾಗುತ್ತದೆ. ಆದರೂ ನಾನು ಎದೆಗುಂದದೆ ಬೇವಿನ ಕೊಂಬೆಗೆ ಟಾರ್ಪಾಲು ಕಟ್ಟಿ, ಮೂರು ಕಲ್ಲು ಹುಡುಕಿ ತಂದು, ಗಾಳಿಯ ದಿಕ್ಕು ನೋಡಿ ಒಲೆ ಹೂಡಿ, ಮನೆಯಿಂದ ಹೊತ್ತು ತಂದಿದ್ದ ಪಾತ್ರೆ, ರಾಗಿ ಹಿಟ್ಟು, ಮೊಳಕೆ ಹುರುಳಿಯ ಗಂಟು ಎಲ್ಲವನ್ನೂ ಅಂದವಾಗಿ ಜೋಡಿಸಿ, ಮಡದಿಯನ್ನು ಕರೆದು ತೋರಿಸಿದೆ. ಆಕೆ, "ಒಲೆ ಒಳಗಿದ್ರೇನು, ಹೊರಗಿದ್ರೇನ್ರಿ? ಹೊಗೆ ಹೋಗಾಕೆ ಜಾಗ ಜಾಸ್ತಿ ಆತು, ಅಷ್ಟೇ" ಎಂದು, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತಳು. ನಾನು ಬಾವಿಯ ಕಡೆಗೆ ನೀರು ತರಲು ಹೋದೆ. ಕೊಡ ತುಂಬುವ ಮೊದಲು ತಾವು ಬಂದಿರಿ.

ಪಡುವಣದಲ್ಲಿ ಧೂಳೆದ್ದಿತು. ಮಳೆ ಬಂತೆಂದು ಮಕ್ಕಳು ಕುಣಿದರು. ಧೂಳಿನೊಳಗಿಂದ ಮೊದಲು ತಮ್ಮ ಕೊಂಬು, ಆಮೇಲೆ ತಾವು, ಆಮೇಲೆ ತಮ್ಮ ಸಮಸ್ತ ಬಂಧುಬಳಗ ಕಾಣಿಸಿತು. ಇಡೀ ಹೊಲ ಬಿದ್ದಿದ್ದರೂ ತಾವು ಗೆರೆ ಎಳೆದಷ್ಟು ನೇರವಾಗಿ ನಮ್ಮ ಒಲೆಗೇ ಬಂದು, ಕಲ್ಲುಗಳನ್ನು ದಿಕ್ಕಿಗೊಂದರಂತೆ ಹಂಚಿ, ಹುರುಳಿಯ ಗಂಟನ್ನು ಬಿಚ್ಚುವ ತೊಂದರೆಯನ್ನೂ ತೆಗೆದುಕೊಳ್ಳದೆ ಬಟ್ಟೆಸಮೇತ ಸ್ವೀಕರಿಸಿದಿರಿ. ಕಡತವೊಂದು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಮಳೆಗಾಲ ಕಳೆಯುವ ಕಚೇರಿಯಲ್ಲಿ ದುಡಿಯುವ ನನಗೆ ತಮ್ಮ ಕಾರ್ಯದಕ್ಷತೆ ಬೆರಗು ಹುಟ್ಟಿಸಿತೆಂದು ಒಪ್ಪಿಕೊಳ್ಳಲೇಬೇಕು.

ಅಷ್ಟರಲ್ಲಿ ಕರಿಸಿದ್ದಪ್ಪನವರು ಬಂದು, ಕಂಬಳಿ ಹಾಸಿ ಕುಳಿತು, ಬಲು ಸೌಜನ್ಯದಿಂದ, "ಏನ್ ಸ್ವಾಮಿ, ಜಂಪಣ್ಣೋರ ಕಡೇರಲ್ವಾ? ಮಂದೆ ಬಂತು. ಅಡಿಗೆ ಆತಾ?" ಎಂದರು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡವರು ಕುರಿ ಕಾಯುವವರಿಗೆ ಊಟ ಇಕ್ಕಬೇಕೆಂಬ ಪದ್ಧತಿ ನನಗೂ ಗೊತ್ತು. ಹೊಲದಲ್ಲಿ ಒಲೆ, ಪಾತ್ರೆ, ಸೆರಗು ಸಿಕ್ಕಿಸಿದ ಹೆಂಗಸು ಕಂಡರೆ ಅದು ಅಡುಗೆಯ ಏರ್ಪಾಡೆಂದು ಯಾರಾದರೂ ತಿಳಿಯುತ್ತಾರೆಯೇ ಹೊರತು, ರಜೆಯೆಂದು ತಿಳಿಯುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ನಾವು ಜಂಪಣ್ಣನ ನೆಂಟರಲ್ಲ, ವಿಹಾರಕ್ಕೆ ಬಂದವರು ಎಂದು ವಿವರಿಸಿದೆ. "ಯಾರಾದ್ರೇನ್ ಬಿಡಿ ಸ್ವಾಮಿ. ಹೊಲದಾಗೆ ನಮ್ಮೋರು ಇರ್ತಾರೆ, ಉಣ್ಣಾಕೆ ಇಕ್ತಾರೆ ಅಂತ ಜಂಪಣ್ಣೋರೇ ಹೇಳ್ಯಾರೆ" ಎಂದರು ಕರಿಸಿದ್ದಪ್ಪ.

ಚಂದ್ರಕ್ಕ ಎದ್ದು, ಚೆದುರಿದ ಕಲ್ಲುಗಳನ್ನು ಆರಿಸತೊಡಗಿದಳು. ಮಂದೆಯ ಹಿಂದೆ ಎಳೆಮರಿಯೊಂದನ್ನು ಎತ್ತಿಕೊಂಡು ಬಂದಿದ್ದ ಕರಿಸಿದ್ದಪ್ಪನವರ ಮಡದಿ ಕಾಳಕ್ಕ ಅದನ್ನು ಕಂಡು, "ನೀನ್ಯಾಕವ್ವಾ ಎದ್ದೆ? ಕುಂತ್ಕ. ನಮ್ಮ ಗಂಡಸ್ರು ಮಂದೆ ಹಿಂದೆ ಹೋದ್ರೆ ಅವರೇ ಮುದ್ದೆ ತಿರುವ್ಕಂತಾರೆ. ನಿಮ್ಮನೇರಿಗೆ ದೇವ್ರು ಕೈ ಕೊಟ್ಟಿಲ್ವಾ?" ಎಂದು, ಮರಿಯನ್ನು ಆಕೆಯ ಮಡಿಲಿಗೆ ಹಾಕಿದಳು. ಮಡಿಲಲ್ಲಿ ಮರಿ ಇರುವವರು ಏಳುವಂತಿಲ್ಲ. ಚಂದ್ರಕ್ಕನ ಕೈಯಲ್ಲಿದ್ದ ಕಲ್ಲು ನನ್ನ ಕೈಗೆ ಬಂತು.

ಮುಂದಿನದನ್ನು ತಾವು ಹುರುಳಿ ಮೆಲುಕು ಹಾಕುತ್ತ ಕಣ್ಣಾರೆ ಕಂಡಿದ್ದೀರಿ. ನಾನು ಮುದ್ದೆ ತಿರುವಿದೆ. ಕರಿಸಿದ್ದಪ್ಪನವರು ಪಾತ್ರೆಯೊಳಗೆ ಬಗ್ಗಿ ನೋಡಿ, "ಬರೀ ಗಂಟೇ ಐತಲ್ಲ ಸ್ವಾಮಿ! ಕಚೇರಿ ಕೆಲಸಾನೂ ಹಿಂಗೇ ಮಾಡ್ತೀರಾ?" ಎಂದು ಕೇಳಿದರು. ಸಾರಿಗೆಂದು ತಂದ ಹುರುಳಿ ತಮ್ಮ ಹೊಟ್ಟೆ ಸೇರಿದ್ದರಿಂದ ಕಾಳಕ್ಕ ತನ್ನ ಬುತ್ತಿಯ ಹುಚ್ಚೆಳ್ಳು ಚಟ್ನಿ ಕೊಟ್ಟಳು. ನಾನು ಎಲ್ಲರಿಗೂ ಬಡಿಸಿದೆ. ಚಂದ್ರಕ್ಕ ಕಂಬಳಿಯ ಮೇಲೆ ಕಾಲು ಚಾಚಿ ಕುಳಿತು, ಒಂದು ತುತ್ತು ನುಂಗಿ, "ಉಪ್ಪು ಮರ್ತೀರಿ" ಎಂದಳು. ಆಮೇಲೆ ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ಕಾಳಕ್ಕನೊಡನೆ ಯಾವುದಕ್ಕೋ ನಗುತ್ತಿದ್ದಳು. ಯಾವುದಕ್ಕೆಂದು ನನಗೆ ಇವತ್ತಿಗೂ ತಿಳಿಸಿಲ್ಲ.

ಮಹಾಶಯರೇ, ನನ್ನ ದೂರು ಇರುವುದು ಇಲ್ಲಿಯೇ. ಮಾತು ಕೊಟ್ಟವನು ನಾನು, ಬಸ್ಸು ಹುಡುಕಿದವನು ನಾನು, ಟಾರ್ಪಾಲು ಹೊತ್ತವನು ನಾನು. ಆದರೆ ಆಕೆಗೆ ರಜೆ ಕೊಟ್ಟ ಕೀರ್ತಿ ತಮಗೆ ಸಂದಿದೆ. ಊರಿಗೆ ಮರಳಿ ಜಂಪಣ್ಣನವರನ್ನು ವಿಚಾರಿಸಿದ್ದಕ್ಕೆ, "ಹೆಂಗೂ ನಿಮ್ಮನೇರು ಅಡಿಗೆ ಮಾಡ್ತಿರ್ತಾರಲ್ಲ, ಇನ್ನೊಂದು ನಾಕು ಮುದ್ದೆ ಏನು ಭಾರ ಅಂದ್ಕಂಡೆ" ಎಂದರು. ಅವರನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಬಾಯಿ ತೆರೆದೆ. ಮೂರು ಕಲ್ಲು ಹುಡುಕುವಾಗ ನಾನೂ ಅಷ್ಟನ್ನೇ ಅಂದುಕೊಂಡಿದ್ದೆನಾದ್ದರಿಂದ ಮುಚ್ಚಿದೆ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ. ಇನ್ನು ಮುಂದೆ ಯಾವ ಕುಟುಂಬದ ಮೇಲೆ ದಾಳಿ ಮಾಡುವುದಿದ್ದರೂ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸುವ ಕೃಪೆ ಮಾಡಬೇಕು. ತಮ್ಮ ಬಳಗದವರು ನಮ್ಮ ಜಮಖಾನಕ್ಕೆ ದಯಪಾಲಿಸಿದ ಗೊಬ್ಬರದಿಂದ ಅದರಲ್ಲಿ ಯಾವ ಬೆಳೆಯೂ ಬಾರದೆಂದು ಅವರಿಗೆ ಮನವರಿಕೆ ಮಾಡಿಕೊಡಬೇಕು. ಕೊನೆಯದಾಗಿ, ತಾವು ಈಗ ಧರ್ಮಪುರದ ಕಡೆ ಮೇಯುತ್ತಿದ್ದೀರೆಂದೂ ಹೊಳಲ್ಕೆರೆಯಲ್ಲಿ ಇಲ್ಲವೆಂದೂ ನನ್ನ ಮಡದಿಗೆ ಖುದ್ದಾಗಿ ದೃಢಪಡಿಸಬೇಕು. ಏಕೆಂದರೆ ಈಚೆಗೆ ಭಾನುವಾರ ಸಂಜೆಯಾಯಿತೆಂದರೆ ಆಕೆ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, "ಮಂದೆ ಬಂದೈತೆ ಅಂತ ತಿಳ್ಕಳ್ರಿ" ಎಂದು ಅಡುಗೆಮನೆಯ ಕಡೆ ಬೆರಳು ತೋರಿಸುತ್ತಾಳೆ.

ಉಪ್ಪು ಮರೆಯದಿರಲು ಇನ್ನೂ ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಚಿಕ್ಕತಿಮ್ಮಪ್ಪ

ತಾ.ಕ.: ಜಂಪಣ್ಣನವರು ಮುಂದಿನ ಬೇಸಿಗೆಗೂ ಅದೇ ಹೊಲ ನನ್ನ ಕುಟುಂಬಕ್ಕೆ ಖಾಲಿ ಇದೆಯೆಂದು ಉದಾರವಾಗಿ ತಿಳಿಸಿದ್ದಾರೆ. ಅವರ ಮಡದಿ ಏಕಾಂತಮ್ಮನವರು ನಡೆದದ್ದನ್ನೆಲ್ಲ ಚಂದ್ರಕ್ಕನಿಂದ ಎರಡೆರಡು ಸಲ ಹೇಳಿಸಿಕೊಂಡು ಕೇಳಿ, ತಮಗೊಂದು ಮಾತು ಮುಟ್ಟಿಸಲು ಹೇಳಿದ್ದಾರೆ: ಅವರ ಮನೆಯ ಹಿತ್ತಲ ಬಾಗಿಲು ನೇರವಾಗಿ ಅಡುಗೆಮನೆಗೇ ತೆರೆಯುತ್ತದಂತೆ, ಯಜಮಾನರು ಸಂಜೆ ಹೊತ್ತು ಮನೆಯಲ್ಲೇ ಇರುತ್ತಾರಂತೆ, ತಾವು ಯಾವತ್ತು ಬಂದರೂ ಅಗಳಿ ಹಾಕಿರುವುದಿಲ್ಲವಂತೆ.