ಎರಡು ಕಡೆ ಇದ್ದ ಕಾಲು

ಮಾಡದಕೆರೆಯ ಸಣ್ಣತಿಮ್ಮಪ್ಪನ ಬಲಗಾಲು ಇಪ್ಪತ್ತೆರಡು ವರ್ಷದಿಂದ ಎರಡು ಕಡೆ ಇತ್ತು. ಕಬಡ್ಡಿ ಫೈನಲ್ಲಿನ ಹಳೆಯ ವಿಡಿಯೋವನ್ನು ಅವನು ಔಟಾದ ಗಳಿಗೆಯಲ್ಲಿ ನಿಲ್ಲಿಸಿದರೆ ಪಾದ ಸುಣ್ಣದ ಗೆರೆಯ ಒಳಗೂ ಕಾಣುತ್ತಿತ್ತು, ಹೊರಗೂ ಕಾಣುತ್ತಿತ್ತು. ಹೊರಗೆ ಎಂದು ಔಟ್ ಕೊಟ್ಟವರು ಅದೇ ಊರಿನ ಡ್ರಿಲ್ ಮೇಷ್ಟ್ರು ಮೂರ್ತಪ್ಪ. ಒಂದು ಅಂಕದಲ್ಲಿ ಷೀಲ್ಡು ಹೊರಕೆರೆದೇವಪುರದ ಪಾಲಾಯಿತು. ಅಂದಿನಿಂದ ಊರವರು ಮೇಷ್ಟ್ರನ್ನು ಮದುವೆಗೆ ಕರೆದರು, ತಿಥಿಗೆ ಕರೆದರು, ಜಗಳ ಬಿಡಿಸಲಿಕ್ಕೂ ಕರೆದರು. ಸೀಟಿಯನ್ನು ಮಾತ್ರ ಕೈಗೆ ಕೊಡಲಿಲ್ಲ.

ಈ ವರ್ಷ ಊರಿನಲ್ಲೇ ಪಂದ್ಯಾವಳಿ. ಯುವಕ ಸಂಘದ ಅಧ್ಯಕ್ಷ ಕಾಟಪ್ಪ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರ ಜಗಲಿಯ ಮೇಲೆ ಕುಳಿತು ಮಾತು ಕೊಟ್ಟ.

“ಕಾಲು ಆಚೆ ಇತ್ತು ಅಂತ ತೋರ್ಸ್ರಿ ಮೇಷ್ಟ್ರೆ. ನಾಳೆ ಸೀಟಿ ನಿಮ್ದೆ.”

“ಕಣ್ಣಾರೆ ಕಂಡಿದೀನಿ ಕಾಟಪ್ಪ. ತೋರಿಸ್ದೆ ಬಿಡ್ತೀನಾ?”

ಹೊಸದುರ್ಗದಲ್ಲಿ ಹಳೆ ವಿಡಿಯೋಗಳನ್ನು ಎಚ್‌ಡಿ ಮಾಡಿಕೊಡುವ ಶರಣ್‌ನ ಸ್ಟುಡಿಯೋಗೆ ಮೇಷ್ಟ್ರು ಆ ವಿಡಿಯೋ ತೆಗೆದುಕೊಂಡು ಹೊರಟರು. ಸಣ್ಣತಿಮ್ಮಪ್ಪ ಕಾಲಿನ ಮಾಲೀಕನಾದ್ದರಿಂದ ಜೊತೆಗೆ ಬಂದ. ಪಕ್ಕದ ಮನೆಯ ಶಾಂತಕ್ಕ ಸಂತೆಗೆಂದು ಬಸ್ಸು ಹತ್ತಿದವಳು ಸಂತೆ ಮರೆತು ಬಂದಳು.

ಶರಣ್ ಚಿತ್ರವನ್ನು ನಿಲ್ಲಿಸಿ ನೋಡಿದ. ಪರದೆಯ ಮೇಲಿನ ಸಣ್ಣತಿಮ್ಮಪ್ಪನ ಮೈಯಂಚೆಲ್ಲ ಬಾಚಣಿಗೆ ಹಲ್ಲಿನಂತೆ ಸೀಳಿಕೊಂಡಿತ್ತು.

“ಆಗಿನ ಕ್ಯಾಮೆರಾ ಒಂದು ಚಿತ್ರನ ಎರಡು ಸಲಕ್ಕೆ ಹಿಡಿತಿತ್ತು,” ಎಂದ. “ಮೊದ್ಲು ಒಂದು ಬಿಟ್ಟು ಒಂದು ಸಾಲು, ಆಮ್ಯಾಲೆ ಮಿಕ್ಕಿದ ಸಾಲು. ಅಷ್ಟರಾಗೆ ತಿಮ್ಮಪ್ಪಣ್ಣನ ಕಾಲು ಜರುಗೈತೆ. ಎರಡೂ ಒಂದ್ರಾಗೆ ಸಿಕ್ಕಾಕ್ಕೊಂಡವೆ. ಬಿಡಿಸಿ, ದೊಡ್ಡದು ಮಾಡಿ ಕೊಡ್ತೀನಿ.”

“ಬಿಡಿಸಾವಾಗ ಕಾಲು ಆಚೆಗೆ ತಳ್ಳಿಬಿಟ್ಟೀಯ,” ಎಂದ ಸಣ್ಣತಿಮ್ಮಪ್ಪ.

“ಅದಿರ್ಲಿ, ಈ ಕಂಪ್ಯೂಟರ್ ಯಾವ ಊರಿಂದು?” ಶಾಂತಕ್ಕ ವಿಚಾರಿಸಿದಳು. “ಹೊರಕೆರೆದೇವಪುರದ್ದಲ್ಲ ತಾನೆ?”

ಕಂಪ್ಯೂಟರು ಬಸುರಿ ಎಮ್ಮೆಯಂತೆ ಉಸಿರು ಬಿಡುತ್ತ ಕೂತಿತು. ನೂರಕ್ಕೆ ಎಂಬತ್ತೇಳು ಆಯಿತು ಎನ್ನುವಾಗ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಸಂತೆಗೆ ಬಂದಿದ್ದ ಮಾಡದಕೆರೆಯವರೆಲ್ಲ ಸೊಪ್ಪು, ಈರುಳ್ಳಿ, ಒಂದು ಹೊಸ ಪೊರಕೆಯ ಸಮೇತ ಸ್ಟುಡಿಯೋ ತುಂಬಿದರು. ಮದುವೆ ಜೋಡಿಗಳು ಫೋಟೋಕ್ಕೆ ಕೂರುವ ಸಿಂಹಾಸನದ ಮೇಲೆ ಇಬ್ಬರು ಮುದುಕರು ಕುಳಿತು ಎಲೆಅಡಿಕೆ ಬಿಚ್ಚಿದರು.

ಮೂರು ಗಂಟೆಗೆ ಚಿತ್ರ ಬಂತು. ಕೆಸರುನೀರಿನಂತಿದ್ದ ಮೈದಾನ ತಿಳಿಯಾಗಿತ್ತು; ಆಟ ನೋಡುವವರ ಅಂಗಿಯ ಗುಂಡಿಗಳನ್ನೂ ಎಣಿಸಬಹುದಿತ್ತು. ಸಿಂಹಾಸನದ ಮುದುಕರಲ್ಲೊಬ್ಬರು ತಮ್ಮ ಆಗಿನ ಕಪ್ಪು ಕೂದಲನ್ನು ಗುರುತು ಹಿಡಿದು, ಇನ್ನೊಮ್ಮೆ ತೋರಿಸು ಎಂದು ಕೇಳಿದರು.

ಶರಣ್ ಒಂದೊಂದೇ ಚಿತ್ರ ಸರಿಸಿದ. ಒಂದರಲ್ಲಿ ಕಾಲು ಒಳಗೆ. ಅದರ ಮುಂದಿನದರಲ್ಲಿ ಕಾಲು ಗೆರೆ ದಾಟಿ ನಾಲ್ಕು ಬೆರಳು ಆಚೆ.

“ನೋಡಪ್ಪ ತಿಮ್ಮಪ್ಪ,” ಎಂದರು ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಇಟ್ಟುಕೊಂಡಿದ್ದ ಮಾತುಗಳಲ್ಲಿ ಅಷ್ಟೇ ಹೊರಗೆ ಬಂತು.

ಸಣ್ಣತಿಮ್ಮಪ್ಪ ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡ. ಶಾಂತಕ್ಕ ಮಾತ್ರ ಪರದೆಯ ಮೂಲೆ ನೋಡುತ್ತಿದ್ದಳು. ಅಲ್ಲಿ ಈವರೆಗೆ ಬಿಳಿಯ ಮಬ್ಬಾಗಿದ್ದದ್ದಕ್ಕೆ ಈಗ ಹುಬ್ಬು ಮೀಸೆ ಬಂದಿದ್ದವು.

“ಶರಣ, ಹಿಂದಕ್ಕೆ ಹೋಗಪ್ಪ. ಮೇಷ್ಟ್ರು ಆಕಡೆ ಯಾಕೆ ತಿರುಗ್ಯಾರೆ?”

ಶರಣ್ ಹಿಂದಕ್ಕೆ ಹೋದ. ಕಾಲು ಇನ್ನೂ ಗೆರೆಯ ಒಳಗಿತ್ತು. ಆದರೆ ಮೇಷ್ಟ್ರ ಬಾಯಲ್ಲಿ ಆಗಲೇ ಸೀಟಿ, ಕೆನ್ನೆಗಳು ಪೂರಿಯಂತೆ ಉಬ್ಬಿದ್ದವು. ಅಂಕಣಕ್ಕೆ ಬೆನ್ನು ಹಾಕಿದ್ದರು. ಕೈ ಅತಿಥಿಗಳ ಮೇಜಿನ ಕಡೆಗಿತ್ತು. ಮೇಜಿನ ಪಕ್ಕದಲ್ಲಿ ಒಂದು ಮೇಕೆ, ಮುಖ್ಯ ಅತಿಥಿಗೆಂದು ತಂದ ಹಾರವನ್ನು ಅರ್ಧ ಮೇದು ನಿಂತಿತ್ತು.

ಶರಣ್ ಮತ್ತೆ ಮುಂದಕ್ಕೆ ಸರಿಸಿದ. ಸೀಟಿ ಕೇಳಿ ಸಣ್ಣತಿಮ್ಮಪ್ಪ ತಲೆಯೆತ್ತಿದ. ಆಟ ನಿಂತಿತೆಂದು ಮೈ ಸಡಿಲಬಿಟ್ಟ. ಆಮೇಲೆ ಕಾಲು ಆಚೆ ಹೋಯಿತು. ಮೇಷ್ಟ್ರು ತಿರುಗಿದ್ದೂ ಕೈಯೆತ್ತಿ ಔಟ್ ಕೊಟ್ಟಿದ್ದೂ ಅದಾದ ಮೇಲೆ.

“ಕಣ್ಣಾರೆ ಕಂಡಿದ್ದೆ,” ಎಂದರು ಮೂರ್ತಪ್ಪ ಮೆಲ್ಲಗೆ.

“ಕಂಡಿದ್ದು ಮೇಕೇನ, ಮೇಷ್ಟ್ರೆ,” ಎಂದಳು ಶಾಂತಕ್ಕ.

ಮೊದಲು ನಕ್ಕವನು ಸಣ್ಣತಿಮ್ಮಪ್ಪ. “ಕಾಲು ಆಚೆ ಇಟ್ಟಿದ್ದು ನಾನೇ ಕಣ್ರಿ. ನಂಗೂ ಇವತ್ತೇ ಗೊತ್ತಾಗಿದ್ದು,” ಎಂದು ಮೇಷ್ಟ್ರ ಭುಜ ಹಿಡಿದ. “ನಡೀರಿ, ಮಂಡಕ್ಕಿ ತಿನ್ನಾಣ.” ತಿಂದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಬಂದರು. ಬಸ್ಸಿಗಿಂತ ಮುಂಚೆ ಸುದ್ದಿ ಊರು ತಲುಪಿತ್ತು.

ಸಂಜೆ ಕಾಟಪ್ಪ ಮತ್ತೆ ಜಗಲಿಗೆ ಬಂದು, ಜೇಬಿನಿಂದ ಹೊಸ ಸೀಟಿ ತೆಗೆದು ಮೇಷ್ಟ್ರ ಕೈಯಲ್ಲಿಟ್ಟ.

“ಕಾಲು ಆಚೆ ಇತ್ತಂತೆ. ಕೊಟ್ಟ ಮಾತು ಕೊಟ್ಟಂಗೆ.”

ಮೂರ್ತಪ್ಪ ದಾರವನ್ನು ಕೊರಳಿಗೆ ಹಾಕಿಕೊಂಡು, ಅಂಗಿಯ ತುದಿಯಿಂದ ಸೀಟಿ ಒರೆಸಿದರು. “ಎಷ್ಟೊತ್ತಿಗೆ ಬರ್ಲಪ್ಪ?”

“ಏಳಕ್ಕೆ ಬರ್ರಿ. ಆಟ ನೋಡ್ಕಳಾಕೆ ಹೊಳಲ್ಕೆರೆಯಿಂದ ಒಬ್ರು ಬರ್ತಾರೆ,” ಎಂದ ಕಾಟಪ್ಪ. “ನೀವು ಮೇಕೆ ನೋಡ್ಕಳ್ರಿ.”