ಲೂರ್ಡ್ಸ್ ಬಸ್ಸಿನ ಮೈಕ್ ಮಹಾಶಯರಿಗೆ

ಮಾನ್ಯ ಮೈಕ್ ಮಹಾಶಯರೇ,

ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅರ್ಧ ಕಿವಿ ಕಳೆದುಕೊಂಡು, ಉಳಿದರ್ಧವನ್ನು ತಮ್ಮ ಸೇವೆಗೆ ಅರ್ಪಿಸಿ ಹಮದ್ ಟೌನಿನ ಮನೆಗೆ ಮರಳಿರುವ ಕೊಸ್ಮಸ್ ಎಂಬ ಯಾತ್ರಿಕನ ಸಾಷ್ಟಾಂಗ ವಂದನೆಗಳು. ಬಹ್ರೇನಿನ ನಮ್ಮ ಕರಾವಳಿ ಕ್ರೈಸ್ತರ ತಂಡವು ಪೋರ್ಚುಗಲ್ಲಿನ ಫಾತಿಮಾದಲ್ಲಿ ಬಸ್ಸು ಹತ್ತಿ, ಸ್ಪೇನ್ ದಾಟಿ, ಫ್ರಾನ್ಸಿನ ಲೂರ್ಡ್ಸಿಗೆ ಪುಣ್ಯಯಾತ್ರೆ ಹೋದಾಗ, ಚಾಲಕನ ಪಕ್ಕದ ಕೊಕ್ಕೆಯಲ್ಲಿ ತಾವು ವಿರಾಜಮಾನರಾಗಿದ್ದಿರಿ. ಮಾತೆ ಮರಿಯಳ ದರ್ಶನಕ್ಕೆಂದು ಹೊರಟ ನಮಗೆ ದಾರಿಯುದ್ದಕ್ಕೂ ತಮ್ಮ ದರ್ಶನಭಾಗ್ಯವೇ ಲಭಿಸಿದ್ದಕ್ಕೆ ಮೊದಲಾಗಿ ಕೃತಜ್ಞತೆಗಳು.

ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಹಿಡಿದವರ ಬಳಿ ಹೇಳುವುದಕ್ಕೆ ಏನೂ ಇಲ್ಲದಿದ್ದಾಗಲೂ ತಾವು ಅದನ್ನು ಚೂರೂ ಚೆಲ್ಲದೆ ಹಿಂದಿನ ಸೀಟಿನವರೆಗೆ ತಲುಪಿಸಿದಿರಿ. ಬೆಳಗಿನ ತೇರ್ಸ್, ಅಂದರೆ ನಮ್ಮ ಜಪಸರದ ಪ್ರಾರ್ಥನೆ, ಮುಗಿಯುವ ಮೊದಲೇ ಯಾರದೋ ಹುಟ್ಟುಹಬ್ಬ, ಅದರ ಬೆನ್ನಿಗೆ ಅಂತ್ಯಾಕ್ಷರಿ, ಆಮೇಲೆ ಮಧ್ಯಾಹ್ನ ಅನ್ನ ಸಿಗುವುದೋ ಬ್ರೆಡ್ಡೇ ಗತಿಯೋ ಎಂಬ ಗಂಭೀರ ಚರ್ಚೆ. ನಿರೂಪಕ ರೋನ್ಸನ್ ತಮ್ಮನ್ನು ಕೈಗೆತ್ತಿಕೊಂಡು "ಎರಡೇ ಮಾತು ಮಾರಾಯ್ರೆ, ಜಾಸ್ತಿ ಟೈಮ್ ತೆಕೊಳ್ಳುದಿಲ್ಲ" ಎಂದು ಶುರುಮಾಡಿದರೆ, ಮುಗಿಸುವಷ್ಟರಲ್ಲಿ ಒಂದಿಡೀ ಬೆಟ್ಟಸಾಲು ಹಿಂದೆ ಸರಿದಿರುತ್ತಿತ್ತು.

ನನ್ನ ಹೆಂಡತಿ ಪೌಲಿನಳನ್ನು ತಾವು ಗಮನಿಸಿರಲಾರಿರಿ. ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತಿದ್ದವಳು. ಕಳೆದ ವರ್ಷ ಥೈರಾಯ್ಡಿನ ಗಡ್ಡೆ ತೆಗೆಸಿದಂದಿನಿಂದ ಸ್ವರ ಬಿದ್ದುಹೋಗಿ, ಉಳಿದಿರುವುದು ಪಿಸುಮಾತು ಮಾತ್ರ. ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವಳಿಗೆ ಉಳಿದದ್ದು ಒಂದೇ ಆಸೆ: ಲೂರ್ಡ್ಸಿನಲ್ಲಿ ಸಂಜೆ ರೋಗಿಗಳಿಗೆ ಕೊಡುವ ಪರಮಪ್ರಸಾದದ ಆಶೀರ್ವಾದಕ್ಕೆ ತಲೆಬಾಗಿ ನಿಲ್ಲಬೇಕು. ಅಲ್ಲಿ ನಮ್ಮ ಪಾಲಿಗೆ ಇದ್ದದ್ದು ಒಂದೇ ಸಂಜೆ.

ಬಸ್ಸು ಹೊತ್ತಿಗೆ ಸರಿಯಾಗಿಯೇ ಮುಟ್ಟಿತು. ಆದರೆ ಗಲ್ಫಿನ ನಮ್ಮವರಿಗೆ ಸನ್ಮಾನವಿಲ್ಲದ ಕಾರ್ಯಕ್ರಮ ಉಪ್ಪಿಲ್ಲದ ಸಾರು ಎಂಬುದನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರು? ಸಂಘದ ಅಧ್ಯಕ್ಷರೂ ಯಾತ್ರೆಯ ಸಂಚಾಲಕರೂ ಆದ ಅಗಸ್ಟಿನ್ ಅವರನ್ನು, ಅವರೇ ಮನಾಮಾದಲ್ಲಿ ಆರಿಸಿ ಹ್ಯಾಂಡ್ ಬ್ಯಾಗಿನಲ್ಲಿ ತಂದಿದ್ದ ಶಾಲು ಮತ್ತು ಪೇಟದಿಂದ, ಇಳಿದರೆ ಸಭಿಕರು ಚದುರಿಯಾರೆಂಬ ಮುಂದಾಲೋಚನೆಯಿಂದ ಬಾಗಿಲು ತೆಗೆಯದೆಯೇ, ಸನ್ಮಾನಿಸಲಾಯಿತು. ಸ್ವಾಗತ, ಪ್ರಸ್ತಾವನೆ, ಪರಿಚಯ, ಹಣ್ಣಿನ ಬುಟ್ಟಿ ಎಲ್ಲವೂ ನಡೆದು, ಫೋಟೋದಲ್ಲಿ ಕಣ್ಣು ಮುಚ್ಚಿಹೋಯಿತೆಂದು ಪೇಟವನ್ನು ಮತ್ತೊಮ್ಮೆ ತೊಡಿಸಲಾಯಿತು. ಪೌಲಿನ್ ಎದ್ದುನಿಂತು "ಆಶೀರ್ವಾದಕ್ಕೆ ತಡ ಆಗ್ತದೆ, ಬಾಗಿಲು ತೆಗೀರಿ" ಎಂದದ್ದು ಪಕ್ಕದಲ್ಲೇ ಇದ್ದ ನನ್ನೊಬ್ಬನಿಗೆ ಕೇಳಿಸಿತು. ನಾನು ಅದನ್ನೇ ಕಿರುಚಿದಾಗ ರೋನ್ಸನ್ ತಮ್ಮ ಮುಖಾಂತರ "ಕೊಸ್ಮಸ್ ಅವರಿಗೂ ಎರಡು ಮಾತಿಗೆ ಅವಕಾಶ ಉಂಟು, ಈಗ ಕೂತ್ಕೊಳ್ಳಿ" ಎಂದು ಸಮಾಧಾನ ಹೇಳಿದ. ವಂದನಾರ್ಪಣೆ ಮುಗಿದು ನಾವು ಓಡಿದಾಗ, ಆಶೀರ್ವಾದ ಪಡೆದವರ ಗಾಲಿಕುರ್ಚಿಗಳು ಸಾಲಾಗಿ ಎದುರು ಬರುತ್ತಿದ್ದವು. ಪೌಲಿನ್ ದಾರಿಯ ಬದಿಗೆ ಸರಿದು ಅವರೆಲ್ಲರಿಗೂ ಜಾಗ ಬಿಟ್ಟು ನಿಂತಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆದ್ದರಿಂದ ತಮ್ಮಲ್ಲಿ ವಿನಮ್ರ ವಿನಂತಿ. "ಎರಡೇ ಮಾತು" ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ತಾವು ಸ್ವಂತ ಇಚ್ಛೆಯಿಂದ ಮೂರ್ಛೆ ಹೋಗಬೇಕು. ಪೇಟ ಕಂಡರೆ ಚಳಿಜ್ವರ ಬರಿಸಿಕೊಳ್ಳಬೇಕು. ಇದಾವುದೂ ಒಗ್ಗದಿದ್ದರೆ ಮೌನವ್ರತದ ಯಾವುದಾದರೂ ಮಠಕ್ಕೆ ಸೇರಿಕೊಳ್ಳಬೇಕು. ಶಿಫಾರಸು ಪತ್ರ ನಾನು ಕೊಡುತ್ತೇನೆ.

ಮರುದಿನ ಬೆಳಿಗ್ಗೆ ಬಸ್ಸು ಬಾರ್ಸಿಲೋನಾದತ್ತ ಹೊರಟಾಗ ನಡೆದದ್ದು ತಮಗೆ ತಿಳಿಯದು, ಏಕೆಂದರೆ ಆಗ ತಾವು ಕತ್ತಲಲ್ಲಿದ್ದಿರಿ. ತೇರ್ಸ್ ಶುರುಮಾಡಲೆಂದು ರೋನ್ಸನ್ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಪೌಲಿನ್ ಎದ್ದು ಹೋಗಿ, ತಮ್ಮ ವಯರನ್ನು ಕಿತ್ತು, ತಮ್ಮನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಆಮೇಲೆ ಅಲ್ಲೇ ನಿಂತು, ಇದ್ದ ಪಿಸುದನಿಯಲ್ಲೇ, "ನಮಾನ್ ಮರಿಯೆ" ಎಂದು ಕೊಂಕಣಿಯಲ್ಲಿ ಮರಿಯಮ್ಮನ ಜಪ ಶುರುಮಾಡಿದಳು. ಹಿಂದಿನವರಿಗೆ ಕೇಳಿಸಲಿಲ್ಲ. "ಏಯ್, ಗಲಾಟೆ ಮಾಡ್ಬೇಡಿ" ಎಂದು ಅವರೇ ಒಬ್ಬರನ್ನೊಬ್ಬರು ಗದರಿಸಿಕೊಂಡು, ಮುಂದೆ ಬಂದು, ಸೀಟುಗಳ ನಡುವೆ ಒತ್ತೊತ್ತಾಗಿ ಕೂತು ಉತ್ತರ ಕೊಟ್ಟರು. ಅದುವರೆಗೆ ನಮ್ಮದು ಚುನಾವಣಾ ಪ್ರಚಾರವೆಂದುಕೊಂಡಿದ್ದನೋ ಏನೋ, ಚಾಲಕ ತಾನಾಗಿಯೇ ಏಸಿ ಆರಿಸಿ ಶಿಲುಬೆಯ ಗುರುತು ಹಾಕಿಕೊಂಡ. ಜಪಸರದ ಐದೂ ರಹಸ್ಯಗಳನ್ನು ಪೌಲಿನ್ ಒಬ್ಬಳೇ ನಡೆಸಿದಳು. ಬಾರ್ಸಿಲೋನಾದಲ್ಲಿ ತಮ್ಮನ್ನು ಒರೆಸಿ ಚಾಲಕನ ಕೈಗೆ ಒಪ್ಪಿಸಿದಳು.

ಒಂದೇ ಒಂದು ಮಾತನ್ನೂ ತಮ್ಮ ಮುಂದೆ ಆಡದೆ ಉಳಿದ,
ತಮ್ಮ ವಿಶ್ವಾಸಿ,
ಕೊಸ್ಮಸ್

ವಿ.ಸೂ.: ಪೌಲಿನಳ ಸ್ವರ ಇದ್ದಲ್ಲೇ ಇದೆ. ಆದರೂ "ನಮ್ಮ ಭಗಿನಿಯ ಸ್ವರ ಬಸ್ಸಿನ ಕೊನೆಯ ಸೀಟಿಗೂ ಕೇಳಿಸಿದ ಲೂರ್ಡ್ಸಿನ ಪವಾಡ"ಕ್ಕೆ ಕಾರಣಕರ್ತರಾದ ಅಗಸ್ಟಿನ್ ಅವರಿಗೆ ಬರುವ ಶುಕ್ರವಾರ ಮನಾಮಾದಲ್ಲಿ ಸಾರ್ವಜನಿಕ ಸನ್ಮಾನವಿದೆ. ಅಲ್ಲಿನ ಸಭಾಂಗಣದ ಮೈಕ್ ತಮ್ಮ ಬಂಧುವಾಗಿದ್ದರೆ ದಯವಿಟ್ಟು ಒಂದು ಸುದ್ದಿ ಮುಟ್ಟಿಸಿ: ಪೌಲಿನ್ ಮೊದಲ ಸಾಲಿನಲ್ಲೇ ಕೂರುತ್ತಾಳಂತೆ, ಬ್ಯಾಗನ್ನು ಈಗಲೇ ಖಾಲಿ ಮಾಡಿಟ್ಟಿದ್ದಾಳೆ.