ಗುಡಗೇರಿ ಭಜನಾ ಸಂಘದ ಹಿಮ್ಮೇಳ

ಎಲ್ಲ ಕೆಡಿಸಿದ್ದು ಒಂದು ಗುಲಾಬಿ ಬಣ್ಣದ ಕರಪತ್ರ. ಗುಡಗೇರಿ ಸ್ಟೇಶನ್ನಿನಲ್ಲಿ ಟಿಕೆಟ್ ಕೊಡುವ ಶಿದ್ಲಿಂಗಪ್ಪ ಬೆಳಗಿನ ಗಾಡಿ ಕಳಿಸಿ, ಬಸಿಗೆ ಸುರಿದುಕೊಂಡ ಚಹಾವನ್ನು ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಕಾಳಿನ ವ್ಯಾಪಾರಿ ಕುಬೇರಪ್ಪ ಆ ಕರಪತ್ರ ಬೀಸುತ್ತ ಬಂದ.

"ಕುಬಿಹಾಳದ ಭಜನಾ ಸ್ಪರ್ಧಾ ಇವತ್ತ ಐತಲ್ರಿ, ಹೊಸಾ ನೇಮ ಮಾಡ್ಯಾರ. ಮುಂದ ಹಾಡಾಂವ ಚರಣಾ ಮುಗಿಸಿ ಸುಮ್ಮನಾಗಬೇಕಂತ. ಪಲ್ಲವಿ ಹಿಮ್ಮೇಳದವ್ರಷ್ಟ ಹಾಡಬೇಕಂತ!"

ಓದುತ್ತ ಓದುತ್ತ ಕುಬೇರಪ್ಪನ ಮುಖವೂ ಯಾಕೋ ಸಣ್ಣದಾಯಿತು. ಶಿದ್ಲಿಂಗಪ್ಪ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಬಸಿಯ ಚಹಾ ಅಂಗಿಯ ಮೇಲಿತ್ತು.

ವಿಷಯ ಇಷ್ಟು. ಅವನು ಈ ಊರಿಗೆ ವರ್ಗವಾಗಿ ಬಂದು ವರ್ಷವಾಗಿತ್ತು. ಮೊದಲ ಆರು ತಿಂಗಳು ಊರಿನವರು ಅವನೊಂದಿಗೆ ಆಡಿದ್ದು ಎರಡೇ ಮಾತು: 'ಹುಬ್ಬಳ್ಳಿಗೆ ಒಂದು ಕೊಡ್ರಿ', 'ಗಾಡಿ ಎಷ್ಟ ಲೇಟರಿ?' ಹೆಂಡಿರು ಮಕ್ಕಳಿಲ್ಲದ ಒಂಟಿ ಜೀವ. ಸಂಜೆಯಾದರೆ ಬೇವಿನ ಗಿಡದ ಕೆಳಗೆ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ. ಒಂದು ಸೋಮವಾರ ಭಜನಾ ಸಂಘದ ಹಿರಿಯರಾದ ಉಡಚಪ್ಪನವರು, "ಒಬ್ಬರ ಕುಂತ ಏನ್ ಮಾಡ್ತೀರಿ, ಗುಡಿಗೆ ಬರ್ರಿ" ಎಂದು ಕರೆದರು. ಶಿದ್ಲಿಂಗಪ್ಪ ಹೋದ, ಖುಷಿಯಲ್ಲಿ ಬಾಯಿ ತೆರೆದ. ಹೊರಬಿದ್ದದ್ದು ಎಣ್ಣೆ ಕಾಣದ ಬಾವಿ ರಾಟೆಯ ಸದ್ದು.

ಭಜನೆ ಮುಗಿದ ಮೇಲೆ ಉಡಚಪ್ಪನವರು ಅವನನ್ನು ಕಂಬದ ಮರೆಗೆ ಕರೆದೊಯ್ದರು. "ನೀವು ತಪ್ಪದ ಬರ್ರಿ. ತಾಳಾ ಹಿಡೀರಿ, ಬಾಯಿ ಆಡಸ್ರಿ. ದನಿ ಮಾತ್ರ ತಗೀಬ್ಯಾಡ್ರಿ. ಈ ಮಾತು ನಮ್ಮಿಬ್ಬರೊಳಗ ಇರ್ಲಿ."

ಅಂದಿನಿಂದ ಶಿದ್ಲಿಂಗಪ್ಪ ಬಾಯಿ ಆಡಿಸುತ್ತ ಬಂದಿದ್ದ. ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುವ ಉಡಚಪ್ಪನವರ ದನಿ ಮೂರೂರಿಗೆ ಕೇಳುವಂಥದು. ಗುಡಿಯ ಕಟ್ಟೆಯ ಮೇಲೆ ಕೂತ ಹೆಣ್ಣುಮಕ್ಕಳು ಪಲ್ಲವಿಗೆ ದನಿಗೂಡಿಸುತ್ತಿದ್ದರು. ಆ ಗದ್ದಲದಲ್ಲಿ ಹಿಮ್ಮೇಳದ ಮೂವರಲ್ಲಿ ಯಾರು ಹಾಡಿದರು, ಯಾರು ಬಿಟ್ಟರು ಎನ್ನುವುದು ದೇವರಿಗೂ ತಿಳಿಯುವಂತಿರಲಿಲ್ಲ. ಆದರೆ ಶಿದ್ಲಿಂಗಪ್ಪನಿಗೆ ಊರು ಸಿಕ್ಕಿತ್ತು. ಹಿಮ್ಮೇಳದಲ್ಲಿ ಅವನ ಮತ್ತು ಕುಬೇರಪ್ಪನ ಜೊತೆಗಿದ್ದ ಕುರಿ ಕಾಯುವ ತಿರಕಪ್ಪ ಆಡಿನ ಹಾಲು ತಂದುಕೊಡುತ್ತಿದ್ದ. ತಬಲಾದ ರಹಿಮಾನಸಾಬ ಈದಿಗೆ ಸುರಕುಂಬಾ ಪಾಯಸ ಕಳಿಸಿದ್ದ. ಸೀನಿದರೆ ನಾಲ್ಕು ಮನೆಯಿಂದ ಕಷಾಯ ಬರುತ್ತಿತ್ತು. ಇವತ್ತು ಗುಟ್ಟು ಬಯಲಾದರೆ ಇದೆಲ್ಲ ಹೋಯಿತು, ಮತ್ತೆ ಗೂಡ್ಸ್ ಡಬ್ಬಿಗಳೇ ಗತಿ.

ಗಂಟಲು ಕೂತಿದೆ ಎಂದು ಸನ್ನೆ ಮಾಡಿ ಅವನು ಮನೆಗೆ ಹೋಗಿ ಕಂಬಳಿ ಹೊದ್ದ. ಬಾಜೂ ಮನೆಯ ಮಲ್ಲಕ್ಕನಿಗೆ ಇಷ್ಟು ಸುದ್ದಿ ಸಾಕಿತ್ತು. "ಅಯ್ಯ ಯಪ್ಪಾ, ಇವತ್ತ ದನಿ ಕುಂದರಬೇಕ?" ಎಂದು ಒಂದು ತಂಬಿಗೆ ಮೆಣಸಿನ ಕಷಾಯ ಕುಡಿಸಿದಳು. ಶಿದ್ಲಿಂಗಪ್ಪನ ಕಣ್ಣು ಕಿವಿಗಳಲ್ಲಿ ಹೊಗೆ ಬಂತು. ಕುಬೇರಪ್ಪ ಜ್ಯೇಷ್ಠಮಧು ತಂದು ಬಾಯಿಗೆ ತುರುಕಿದ. ತಿರಕಪ್ಪ ಬಿಸಿ ಬೂದಿಯ ಗಂಟು ಕಟ್ಟಿ ಕುತ್ತಿಗೆಗೆ ಶಾಖ ಕೊಟ್ಟ.

"ನೀವು ಬರ್ಲಿಲ್ಲಂದ್ರ ಮುಗೀತ್ರಿ," ಗಂಟನ್ನು ಇನ್ನಷ್ಟು ಒತ್ತುತ್ತ ಎಂದ ತಿರಕಪ್ಪ. "ಹಿಮ್ಮೇಳ ನಡದಿದ್ದ ನಿಮ್ಮ ದನಿ ಮ್ಯಾಲ."

"ಹೌದ್ರಿ, ಕೈ ಬಿಡಬ್ಯಾಡ್ರಿ," ಎಂದು ಕುಬೇರಪ್ಪನೂ ಕೈ ಮುಗಿದ.

ಇಂಥ ಸ್ನೇಹಿತರಿಗೆ ಸುಳ್ಳು ಹೇಳಿದೆನಲ್ಲ ಎಂದು ಶಿದ್ಲಿಂಗಪ್ಪ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಕೊನೆಯ ಉಪಾಯವಾಗಿ, ಮಧ್ಯಾಹ್ನದ ಗಾಡಿಗೆ ಡ್ಯೂಟಿ ಇದೆ ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಸ್ಟೇಶನ್ ಮಾಸ್ತರರೇ ಬಾಗಿಲಲ್ಲಿ ಬಂದು, "ಗಾಡಿ ನಾ ನೋಡ್ಕೋತೇನಿ, ಗೆದ್ದ ಬರ್ರಿ" ಎಂದುಬಿಟ್ಟರು. ಮೂರು ಜನ ಅವನನ್ನು ಕಾಳಿನ ಚೀಲದಂತೆ ಎತ್ತಿ ಚಕ್ಕಡಿಗೆ ಹಾಕಿದರು.

ಕುಬಿಹಾಳದ ಶಾಲೆಯ ಬಯಲಿನಲ್ಲಿ ಬೆಳಗಿನಿಂದ ಭಜನೆ ನಡೆದಿತ್ತು. ಹೊಸ ನೇಮದ ದೆಸೆಯಿಂದ ಪ್ರತಿ ಸಂಘದ ಹಿಮ್ಮೇಳವೂ ನರ ಹರಿದುಕೊಂಡು ಒದರುತ್ತಿತ್ತು. ನಿರ್ಣಾಯಕರಾದ ಮುದಿ ಮಾಸ್ತರರು ಕಿವಿಗೆ ಅರಳೆ ಇಟ್ಟುಕೊಂಡಿದ್ದರು. ಗುಡಗೇರಿಯವರದು ಇಪ್ಪತ್ತನೆಯ, ಕೊನೆಯ ಪಾಳಿ.

ಉಡಚಪ್ಪನವರು ಚರಣವನ್ನು ಚೆಂದಾಗಿ ಹಾಡಿದರು. ಆಮೇಲೆ ನೇಮದಂತೆ ಪೇಟಿಯಿಂದ ಕೈ ತೆಗೆದು ಕಣ್ಣು ಮುಚ್ಚಿದರು. ಶಿದ್ಲಿಂಗಪ್ಪ ದೇವರ ಮೇಲೆ ಭಾರ ಹಾಕಿದ: ಉಳಿದಿಬ್ಬರ ದನಿಯಲ್ಲಿ ತನ್ನದು ಇಲ್ಲದ್ದು ತಿಳಿಯದಿರಲಿ. ಬಾಯಿ ಅಗಲಿಸಿ ಆಡಿಸಿದ. ಬಲಕ್ಕೆ ಕುಬೇರಪ್ಪನ ಬಾಯಿ ಆಡುತ್ತಿತ್ತು. ಎಡಕ್ಕೆ ತಿರಕಪ್ಪನ ಬಾಯಿ ಆಡುತ್ತಿತ್ತು. ಮೈಕಿನಲ್ಲಿ ಕೇಳಿದ್ದು ತಾಳ, ತಬಲಾ, ಅಷ್ಟೇ. ಮೂವರೂ ಒಬ್ಬರ ಬಾಯನ್ನೊಬ್ಬರು ದಿಗಿಲಿನಿಂದ ನೋಡಿದರು. ನಿಲ್ಲಿಸುವ ಧೈರ್ಯ ಒಬ್ಬರಿಗೂ ಆಗಲಿಲ್ಲ. ಮೂರು ಚರಣ, ಮೂರು ಪಲ್ಲವಿ ಹೀಗೇ ಮುಗಿದವು.

ವೇದಿಕೆ ಇಳಿದವರೇ ಚಕ್ಕಡಿಯ ಹಿಂದೆ ಹೋದರು.

"ನೀವ್ಯಾಕ ಹಾಡ್ಲಿಲ್ರಿ?" ಎಂದ ತಿರಕಪ್ಪ.

"ನನಗ ಬಾಯಿ ಅಷ್ಟ ಆಡಸಂತ ಉಡಚಪ್ಪನವರ ಹೇಳ್ಯಾರ. ನೀ ಯಾಕ ಹಾಡ್ಲಿಲ್ಲ?" ಶಿದ್ಲಿಂಗಪ್ಪ ಬಾಯಿಬಿಟ್ಟ.

"ನನಗೂ ಹಂಗ ಹೇಳ್ಯಾರ್ರಿ! ಹನ್ನೆರಡ ವರ್ಷ ಆತು!"

"ನನಗ ಒಂಬತ್ತು," ಎಂದು ಕುಬೇರಪ್ಪ ತಲೆ ತಗ್ಗಿಸಿದ.

ಎಲ್ಲರೂ ಉಡಚಪ್ಪನವರತ್ತ ತಿರುಗಿದರು. ಅವರು ನೆಲ ನೋಡುತ್ತ, "ಏನ್ ಮಾಡ್ಲಿ? ಒಬ್ಬರಿಗೂ ದನಿ ಇಲ್ಲ. ಮನಷ್ಯಾರು ಮಾತ್ರ ಬಂಗಾರದಂಥಾವ್ರು. ಬಿಡಾಕ ಮನಸ್ ಬರ್ಲಿಲ್ಲ" ಎಂದರು.

ಶಿದ್ಲಿಂಗಪ್ಪನಿಗೆ ನಗು ಬಂತು, ಹಿಂದೆಯೇ ಅಳು ಬಂತು. ಆರು ತಿಂಗಳ ಭಾರ ಎದೆಯಿಂದ ಇಳಿದು, ಹಗುರಾಗಿ ಚಕ್ಕಡಿಯ ಗಾಲಿಗೆ ಒರಗಿದ. ರಹಿಮಾನಸಾಬನಂತೂ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. "ಇನ್ನ ಕದ್ದು ಮುಚ್ಚಿ ಬ್ಯಾಡ, ನಾಳಿಂದ ಹೆಂಗ ಬರ್ತೈತಿ ಹಂಗ ಹಾಡೂಣು" ಎಂದು ಮೂವರೂ ಕೈಯಲ್ಲಿ ಕೈಯಿಟ್ಟು ಆಣೆ ಮಾಡಿದರು.

ಆ ಕೈ ಬಿಡಿಸಿಕೊಳ್ಳುವ ಮೊದಲೇ ಮೈಕಿನಲ್ಲಿ ನಿರ್ಣಾಯಕ ಮಾಸ್ತರರ ದನಿ ಕೇಳಿತು. "ಹತ್ತೊಂಬತ್ತ ಸಂಘದವ್ರು ಒದರಿ ಒದರಿ ನನ್ನ ಕಿವಿ ತೂತ ಮಾಡ್ಯಾರ. ಗುಡಗೇರಿಯವ್ರು ಪಲ್ಲವಿ ಮನಸಿನಾಗ ಹಾಡಿದ್ರು. ನಾನೂ ಅವರ ಜೋಡಿ ಒಳಗ ಹಾಡಿದೆ. ಮೊದಲನೇ ಬಹುಮಾನ ಅವರಿಗೇ!"

ಜನ ಚಪ್ಪಾಳೆ ತಟ್ಟಿದರು. ನವಲಗುಂದದವರು, ಅಣ್ಣಿಗೇರಿಯವರು ಓಡಿ ಬಂದು ವೀಳ್ಯ ಕೊಟ್ಟು, "ನಮ್ಮೂರಾಗೂ ಇದನ್ನ ಮಾಡಬೇಕ್ರಿ, ದನಿ ಮಾತ್ರ ತಗೀಬಾರದು" ಎಂದು ಕರಾರು ಹಾಕಿದರು. ಉಡಚಪ್ಪನವರು ಆಗಲಿ ಎಂದರು. ಆಣೆ ಅಲ್ಲಿಗೇ ತೀರಿತು.

ಹೊತ್ತು ಇಳಿಯುವಾಗ ಚಕ್ಕಡಿ ಗುಡಗೇರಿಯ ದಾರಿ ಹಿಡಿಯಿತು. ಹಿಗ್ಗಿದ ಉಡಚಪ್ಪನವರು ಅಲ್ಲೇ ತಾಲೀಮು ಶುರು ಮಾಡಿಸಿದರು. ಮೂವರೂ ಬಾಯಿ ಆಡಿಸಿದರು. ಎರಡನೆಯ ಪಲ್ಲವಿಗೆ ಉಡಚಪ್ಪನವರು ಹುಬ್ಬು ಗಂಟಿಕ್ಕಿ, ಕಿವಿಗೆ ಕೈಯಿಟ್ಟು, ಒಬ್ಬೊಬ್ಬರ ಹತ್ತಿರವೂ ಬಾಗಿ ಆಲಿಸಿದರು.

"ಶಿದ್ಲಿಂಗಪ್ಪಾರ, ಸಿಟ್ಟಿಗೇಳಬ್ಯಾಡ್ರಿ. ಇವರಿಬ್ಬರದು ಅಗದಿ ಛಂದ ಕೂಡೈತಿ. ನೀವು ಸುಮ್ಮನಿರೂದ ಯಾಕೋ ಬೆಸೂರ ಆಗಾಕತ್ತೈತಿ. ನಾಳಿಂದ ಒಂದ ತಾಸು ಮೊದಲ ಬರ್ರಿ, ನಿಮಗ ಬ್ಯಾರೆ ಕಲಸ್ತೇನಿ."